ಮಂಡಿಚಿಪ್ಪು ಜಾರುವ ಮಕ್ಕಳಿಗೆ ನಾನು ಆಪರೇಷನ್ ಮಾಡುವ ಬಗೆ

ಹದಿಮೂರು ವರ್ಷದ ಹುಡುಗಿ. ಶಾಲೆಯ ಖೋ ಖೋ ತಂಡದಲ್ಲಿದ್ದಳು. ಕೂತಲ್ಲಿಂದ ಎದ್ದು ತಿರುಗಿ ಓಡುವಾಗ ಎಡಗಾಲಿನ ಚಿಪ್ಪು ಹೊರಗಡೆಗೆ ಜಾರಿತು. ಕಾಲು ಚಾಚಿದ ಕೂಡಲೇ ತಾನಾಗಿಯೇ ಒಳಗೆ ಬಂದು ಕೂತಿತು. ಮನೆಯವರು ಉಳುಕು ಅಂದುಕೊಂಡು ಎಣ್ಣೆ ತಿಕ್ಕಿ ಪಟ್ಟು ಕಟ್ಟಿಸಿದರು. ನನ್ನ ಹತ್ತಿರ ಬರುವಷ್ಟರಲ್ಲಿ ಐದು ಸಲ ಜಾರಿತ್ತು. ಐದನೇ ಸಲ ಜಾರಿದ್ದು ಸುಮ್ನೆ ಬಸ್ಸಿನ ಮೆಟ್ಟಿಲು ಇಳಿಯುವಾಗ.

ಇಂಥ ಮಕ್ಕಳ ಮಂಡಿ ಮುಟ್ಟುವಾಗ ನನ್ನ ಕಣ್ಣು ಅವರ ಮುಖದ ಮೇಲಿರುತ್ತದೆ. ಮಂಡಿ ಸ್ವಲ್ಪ ಮಡಿಸಿ, ಹೆಬ್ಬೆರಳಿಂದ ಚಿಪ್ಪನ್ನು ಮೆಲ್ಲಗೆ ಹೊರಕ್ಕೆ ಒತ್ತಿದೆ. ನೋವೇ ಇರಲಿಲ್ಲ, ಆದರೂ ಥಟ್ಟನೆ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ಭಯವೇ ನನಗೆ ರೋಗದ ಗುರುತು.

ಚಿಪ್ಪು ತೊಡೆಮೂಳೆಯ ತುದಿಯಲ್ಲಿರುವ ಕಾಲುವೆಯೊಳಗೆ ಮೇಲೆ ಕೆಳಗೆ ಓಡಾಡುತ್ತದೆ. ಮಂಡಿ ಜಾಸ್ತಿ ಮಡಿಸಿದಾಗ ಕಾಲುವೆಯ ಗೋಡೆಗಳೇ ಅದನ್ನು ಹಿಡಿದಿಡುತ್ತವೆ. ನೇರ ಕಾಲನ್ನು ಮಡಿಸುವ ಮೊದಲ 20-30 ಡಿಗ್ರಿಯಲ್ಲಿ ಮಾತ್ರ ಅದಕ್ಕೆ ಆಸರೆ ಒಳಬದಿಯ ಒಂದು ತೆಳು ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ. ನಾವು ಎಂಪಿಎಫ್‌ಎಲ್ (ಮೀಡಿಯಲ್ ಪಟೆಲೋಫೆಮೊರಲ್ ಲಿಗಮೆಂಟ್) ಅನ್ನುತ್ತೇವೆ. ಚಿಪ್ಪು ಜಾರಿದಾಗ ಹರಿಯೋದು ಇದೇ. ಮೊದಲ ಸಲ ಜಾರಿದವರಿಗೆ ನಾನು ಸಾಮಾನ್ಯವಾಗಿ ಕತ್ತಿ ಹಿಡಿಯೋದಿಲ್ಲ. ಎಂಆರ್‌ಐಯಲ್ಲಿ ಮೃದ್ವಸ್ಥಿಯ ತುಂಡು ಕಳಚಿ ಬಿದ್ದಿಲ್ಲ ಅಂತ ಖಾತ್ರಿಯಾದರೆ ಬ್ರೇಸ್, ಫಿಸಿಯೋಥೆರಪಿ ಸಾಕು. ಮತ್ತೆ ಮತ್ತೆ ಜಾರುವವರ ಮಾತು ಬೇರೆ.

ಆದರೆ ಲಿಗಮೆಂಟ್ ಒಂದನ್ನೇ ನೋಡಿ ಟೇಬಲ್ ಮೇಲೆ ಮಲಗಿಸಬಾರದು. ಕಾಲುವೆ ಎಷ್ಟು ಆಳ, ಚಿಪ್ಪು ಎಷ್ಟು ಮೇಲೆ ಕೂತಿದೆ, ಮಂಡಿಗಳು ಒಳಕ್ಕೆ ಬಾಗಿವೆಯಾ, ಕೀಲುಗಳೆಲ್ಲ ಸಡಿಲವಾ, ಎಲ್ಲ ನೋಡಬೇಕು. ಚಿಪ್ಪಿನ ಕೆಳಗಿನ ಸ್ನಾಯುರಜ್ಜು (ಟೆಂಡನ್) ಅಂಟುವ ಮೂಳೆಗುಬ್ಬು ಕಾಲುವೆಯಿಂದ 20 ಮಿಮೀಗಿಂತ ಜಾಸ್ತಿ ಹೊರಗಿದ್ದರೆ ದೊಡ್ಡವರಲ್ಲಿ ಆ ಗುಬ್ಬನ್ನೇ ಕತ್ತರಿಸಿ ಒಳಕ್ಕೆ ಸರಿಸುತ್ತೇವೆ. ಬೆಳೆಯುವ ಮಕ್ಕಳಲ್ಲಿ ಹಾಗೆ ಮಾಡುವಂತಿಲ್ಲ. ಮೂಳೆ ಉದ್ದಕ್ಕೆ ಬೆಳೆಯುವ ಪದರಕ್ಕೆ, ಅಂದರೆ ಗ್ರೋತ್ ಪ್ಲೇಟಿಗೆ, ಏಟು ಬಿದ್ದರೆ ಮಂಡಿ ಹಿಂದಕ್ಕೆ ಬಾಗಿ ಬೆಳೆಯಬಹುದು. ಈ ಹುಡುಗಿಗೆ ಕಾಲುವೆ ಸ್ವಲ್ಪ ಚಪ್ಪಟೆ, ಕೀಲುಗಳು ಸಡಿಲ. ಉಳಿದದ್ದೆಲ್ಲ ಸರಿ ಇತ್ತು. ಹೊಸ ಲಿಗಮೆಂಟ್ ಕಟ್ಟಿದರೆ ಸಾಕು ಅಂತ ತೀರ್ಮಾನಿಸಿದೆ.

ಅದಕ್ಕೆ ತೊಡೆಯ ಒಳಬದಿಯ ಗ್ರಾಸಿಲಿಸ್ ಸ್ನಾಯುವಿನ ರಜ್ಜುವನ್ನು ತೆಗೆದುಕೊಂಡೆ. ಸುಮಾರು ಪೆನ್ಸಿಲ್‌ನಷ್ಟೂ ದಪ್ಪ ಇರೋದಿಲ್ಲ, ಈ ಕೆಲಸಕ್ಕೆ ಅಷ್ಟು ಸಾಕು. ಚಿಪ್ಪಿನ ಕಡೆ ಎರಡು ಸಣ್ಣ ಆಂಕರ್ (ನೂಲು ಕಟ್ಟಿದ ಪುಟ್ಟ ಮೊಳೆ) ಹಾಕಿದೆ. ಮಕ್ಕಳ ಪುಟ್ಟ ಚಿಪ್ಪಿಗೆ ಅಡ್ಡಲಾಗಿ ದೊಡ್ಡ ತೂತು ಕೊರೆದರೆ ಮುಂದೆ ಅಲ್ಲೇ ಮುರಿಯಬಹುದು.

ನನಗೆ ಹೆಚ್ಚು ಹೊತ್ತು ಹಿಡಿಯೋದು ತೊಡೆಮೂಳೆಯ ಕಡೆ. ಅಲ್ಲಿ ರಜ್ಜು ಕೂರಬೇಕಾದ ಜಾಗವನ್ನು ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಗುರುತಿಸುವ ಬಗೆಯನ್ನು ಸರ್ಜನ್ ಶೋಟ್ಲೆ ಮತ್ತು ಜೊತೆಗಾರರು 2007ರಲ್ಲಿ ತೋರಿಸಿಕೊಟ್ಟರು. ಮೂಳೆಯ ಎರಡು ಉಬ್ಬುಗಳು ಒಂದರ ಮೇಲೊಂದು ಸರಿಯಾಗಿ ಕೂತು ಒಂದೇ ಗೆರೆಯಾಗಿ ಕಾಣಬೇಕು. ಅಲ್ಲಿಯವರೆಗೆ ಕಾಲನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತಲೇ ಇರುತ್ತೇವೆ. ಮಕ್ಕಳಲ್ಲಿ ಇನ್ನೊಂದು ತೊಡಕಿದೆ. ಗ್ರೋತ್ ಪ್ಲೇಟ್ ಅಲೆಯ ಹಾಗೆ ಬಾಗಿರುತ್ತದೆ. ಪಕ್ಕದಿಂದ ನೋಡಿದರೆ ಡ್ರಿಲ್ಲಿಗೆ ದಾರಿ ತೋರುವ ಪಿನ್ ಅದರ ಮೇಲೇ ಇರುವ ಹಾಗೆ ಕಾಣುತ್ತದೆ, ಮುಂದಿನಿಂದ ನೋಡಿದರೆ ಕೆಳಗಿರುತ್ತದೆ. ಹಾಗಾಗಿ ಎರಡೂ ಕಡೆಯಿಂದ ನೋಡದೆ ನಾನು ಡ್ರಿಲ್ ಮುಟ್ಟೋದಿಲ್ಲ. ಪಿನ್ನನ್ನು ಕೆಳಕ್ಕೂ ಮುಂದಕ್ಕೂ ವಾರೆ ಮಾಡಿ ಹೊಡೆಯುತ್ತೇನೆ.

ಆಮೇಲೆ ನೂಲಿನ ಪರೀಕ್ಷೆ. ಚಿಪ್ಪಿನಿಂದ ಬಂದ ನೂಲನ್ನು ಪಿನ್ನಿಗೆ ಸುತ್ತಿ ಹಿಡಿದು ಮಂಡಿ ಮಡಿಸುತ್ತೇನೆ. ಮಡಿಸಿದಾಗ ನೂಲು ಬಿಗಿಯಾದರೆ ಪಿನ್ ಮೇಲಕ್ಕೆ ಹೋಗಿದೆ ಅಂತ ಅರ್ಥ. ಅವತ್ತು ಮೊದಲ ಸಲ ಬಿಗಿಯಾಯಿತು. ಪಿನ್ ಕಿತ್ತು ಎರಡು ಮೂರು ಮಿಲಿಮೀಟರ್ ಕೆಳಗೆ ಹಾಕಿದೆ. ಈಗ ಮಡಿಸಿದಾಗ ನೂಲು ಸ್ವಲ್ಪ ಸಡಿಲವಾಯಿತು. ನನಗೆ ಬೇಕಿದ್ದದ್ದು ಅದೇ.

ಈ ಎರಡು ಮಿಲಿಮೀಟರಿಗೆ ಯಾಕಿಷ್ಟು ಒದ್ದಾಡುತ್ತೇನೆ ಅಂದರೆ, ಶುರುವಿನ ವರ್ಷಗಳಲ್ಲಿ ಒಬ್ಬ ಹುಡುಗನಿಗೆ ನಾನೇ ತಪ್ಪು ಮಾಡಿದ್ದೇನೆ. ಮತ್ತೆ ಜಾರಬಾರದು ಅನ್ನೋ ಆತಂಕದಲ್ಲಿ ಜೋರಾಗಿ ಎಳೆದು ಬಿಗಿದಿದ್ದೆ. ಚಿಪ್ಪು ಜಾರಲಿಲ್ಲ, ಆದರೆ ಮಂಡಿ 90 ಡಿಗ್ರಿ ದಾಟಲಿಲ್ಲ. ಮನೆಯವರೆಲ್ಲ ನೆಲದ ಮೇಲೆ ಊಟಕ್ಕೆ ಕೂತರೆ ಅವನೊಬ್ಬನೇ ಕುರ್ಚಿಯಲ್ಲಿ. ಅವನ ತಾಯಿ ಇದನ್ನು ಹೇಳಿದ ರೀತಿ ನನಗೆ ಇನ್ನೂ ಮರೆತಿಲ್ಲ. ಮತ್ತೊಂದು ಆಪರೇಷನ್ ಮಾಡಿ ಬಿಗಿ ಸಡಿಲಿಸಬೇಕಾಯಿತು. ನಮ್ಮಲ್ಲಿ ನೆಲದ ಮೇಲೆ ಕೂರಬೇಕು, ಕುಕ್ಕರುಗಾಲಲ್ಲಿ ಕೂರಬೇಕು ಅಲ್ವಾ. ಮಡಿಯದ ಮಂಡಿ ಕೊಟ್ಟು ಆಪರೇಷನ್ ಚೆನ್ನಾಗಾಯಿತು ಅನ್ನಲಾಗದು. ಹೊಸ ಲಿಗಮೆಂಟ್ ನಾಯಿಗೆ ಕಟ್ಟಿದ ಸರಪಳಿಯಂತಿರಬೇಕು, ದೂರ ಓಡಲು ಹೋದಾಗ ಮಾತ್ರ ಹಿಡಿಯಬೇಕು. ಈಗ ಮಂಡಿಯನ್ನು 30 ಡಿಗ್ರಿಯಲ್ಲಿಟ್ಟು, ಎಳೆಯದೆ ಸ್ಕ್ರೂ ಹಾಕುತ್ತೇನೆ. ಕೊನೆಗೆ ಚಿಪ್ಪನ್ನು ಒತ್ತಿ ನೋಡುತ್ತೇನೆ. ಅದರ ಅಗಲದ ಕಾಲು ಭಾಗದಷ್ಟಾದರೂ ಹೊರಕ್ಕೆ ಸರಿದು ಅಲ್ಲಿ ಗಟ್ಟಿಯಾಗಿ ನಿಲ್ಲಬೇಕು.

ಮರುದಿನವೇ ಬ್ರೇಸ್ ಹಾಕಿ ನಡೆಸಿದೆವು. ತೊಡೆಯ ಸ್ನಾಯು ಬಿಗಿ ಹಿಡಿಯೋದನ್ನು ಹುಡುಗಿ ಕಷ್ಟಪಟ್ಟು ಕಲಿತಳು. ಆರು ವಾರಕ್ಕೆ ಮಂಡಿ 100 ಡಿಗ್ರಿ ಮಡಿಯಿತು, ನಾಲ್ಕನೇ ತಿಂಗಳಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

ಈಗ ಎಂಟನೇ ತಿಂಗಳು. ನೇರ ಓಡುತ್ತಾಳೆ. ಒಂಟಿ ಕಾಲಲ್ಲಿ ಕುಕ್ಕರಿಸಿದರೆ ಎಡ ಮಂಡಿ ಇನ್ನೂ ಸ್ವಲ್ಪ ಒಳಕ್ಕೆ ವಾಲುತ್ತದೆ, ಅದಕ್ಕೇ ಖೋ ಖೋಗೆ ಒಪ್ಪಿಗೆ ಕೊಟ್ಟಿಲ್ಲ. ಬಲಗಾಲಿನ ಚಿಪ್ಪೂ ಸಡಿಲವೇ. ಬೆಳವಣಿಗೆ ನಿಲ್ಲುವ ತನಕ ಆರು ತಿಂಗಳಿಗೊಮ್ಮೆ ಎರಡೂ ಕಾಲಿನ ಉದ್ದನೆಯ ಎಕ್ಸ್‌ರೇ ತೆಗೆಸಿಕೊಂಡು ಬರಲು ಹೇಳಿದ್ದೇನೆ.