ಮುಕ್ತಿನಾಥಕ್ಕೆ ಹಿಂಬಾಗಿಲಿನಿಂದ

ಅಡಿಕೆ ತೋಟ ಇರುವವರು ಒಂದು ತಿಂಗಳು ಮನೆ ಬಿಡುವುದು ಸುಲಭ ಇಲ್ಲ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಳೆಗಾಲಕ್ಕೆ ಮುಂಚೆ ಒಂದು ಸಲ, ನಡುವೆ ಬಿಸಿಲು ಬಿಟ್ಟಾಗ ಇನ್ನೊಂದು ಸಲ ಕೊಳೆರೋಗಕ್ಕೆ ಮದ್ದು ಬಿಡಬೇಕು. ಡಿಸೆಂಬರ್ ಬಂತೆಂದರೆ ತೋಟಕ್ಕೆ ನೀರು, ಕೊಯ್ಲು, ಅಂಗಳ ತುಂಬ ಅಡಿಕೆ. ಲೆಕ್ಕ ಹಾಕಿ ನೋಡಿದರೆ ಕೈ ಸ್ವಲ್ಪ ಖಾಲಿ ಇರುವುದು ಅಕ್ಟೋಬರಿನಿಂದ ನವೆಂಬರ್ ಶುರುವಿನವರೆಗೆ. ನೇಪಾಳದ ಅನ್ನಪೂರ್ಣ ಸುತ್ತು ನಡೆಯಲು ಆಕಾಶ ಚೊಕ್ಕ ಇರುವುದೂ ಅದೇ ಹೊತ್ತಿಗೆ. ಹಟ್ಟಿಯ ಎರಡು ದನಗಳನ್ನು ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿದ ದಿನವೇ ರೈಲಿಗೆ ಟಿಕೆಟ್ ಮಾಡಿದೆವು.

ಮನೆಯಲ್ಲಿ ‘ಟ್ರೆಕ್ಕಿಂಗ್’ ಎನ್ನಲಿಲ್ಲ. ‘ಮುಕ್ತಿನಾಥ ಯಾತ್ರೆ’ ಎಂದೆವು. ಸುಳ್ಳೇನೂ ಅಲ್ಲ, ದಾರಿ ಕೊನೆಗೆ ಅಲ್ಲಿಗೇ ಇಳಿಯುತ್ತದೆ. ವಿಷ್ಣುವಿನ 108 ದಿವ್ಯದೇಶಗಳಲ್ಲಿ ಅದೂ ಒಂದು ಎಂದ ಮೇಲೆ ಅತ್ತೆ ಒಪ್ಪಿದರು, ಸಾಲಿಗ್ರಾಮ ತರಬೇಕು ಎಂಬ ಶರತ್ತಿನ ಮೇಲೆ. ಬಿಡದೆ ಪ್ರಶ್ನೆ ಕೇಳಿದ್ದು ಭಾವ. “ಪೋಖರಾದಿಂದ ಜೀಪಿನಲ್ಲೇ ಹೋಗಬಹುದಂತೆ. ನೀವ್ಯಾಕೆ 5,416 ಮೀಟರ್ ಹತ್ತಿ ಹಿಂಬಾಗಿಲಿನಿಂದ ಹೋಗುವುದು?”

“ಎದುರು ಬಾಗಿಲಲ್ಲಿ ರಷ್ ಜಾಸ್ತಿ” ಎಂದರು ಇವರು.

ಆ 5,416 ಮೀಟರಿನ ಜಾಗ ಥೊರೊಂಗ್ ಲಾ ಎಂಬ ಕಣಿವೆದಾರಿ. ಹಾಲಿನ ಲೆಕ್ಕದ ಹಳೇ ಪುಸ್ತಕದ ಹಿಂದಿನ ಪುಟಗಳಲ್ಲಿ ನಮ್ಮ ಯೋಜನೆ ಶುರುವಾಯಿತು. ಎಷ್ಟು ಕಿಲೋಮೀಟರ್ ಎಂದು ಬರೆಯಲೇ ಇಲ್ಲ. ರಾತ್ರಿ ಮಲಗುವ ಊರು, ಅದರ ಎತ್ತರ, ಇಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ಚಾಮೆ, ಪಿಸಾಂಗ್, ಮನಾಂಗ್, ಯಾಕ್ ಖರ್ಕ, ಥೊರೊಂಗ್ ಫೇದಿ ಎಂದು ಹೆಸರು ಬರೆದು ಎದುರಿಗೆ ಎತ್ತರ ಹಾಕಿದೆವು. ಸುಮಾರು 3,500 ಮೀಟರಿನ ಮನಾಂಗ್‌ನಲ್ಲಿ ಎರಡು ರಾತ್ರಿ. ಸಮುದ್ರದ ಬದಿಯಿಂದ ಹೋಗುವ ನಮಗೆ ಇದರಲ್ಲಿ ರಿಯಾಯಿತಿ ಇಲ್ಲ. ನಮ್ಮ ಕಡೆಯ ಪೊಸಡಿ ಗುಂಪೆ ಗುಡ್ಡವನ್ನು ನೂರು ಸಲ ಹತ್ತಿದರೂ ರಕ್ತಕ್ಕೆ ಮೇಲಿನ ತೆಳು ಗಾಳಿಯ ಅಭ್ಯಾಸ ಆಗುವುದಿಲ್ಲ.

ನಡಿಗೆಗೆ 12 ದಿನ ಹಿಡಿದೆವು. ಅದರ ಮೇಲೆ 3 ದಿನ ಸುಮ್ನೆ ಖಾಲಿ ಬಿಟ್ಟೆವು. ಖಾಲಿ ದಿನಕ್ಕೆ ಹಟ ಹಿಡಿದವಳು ನಾನು. 2014ರ ಅಕ್ಟೋಬರಿನಲ್ಲಿ ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿದು, ಉಳಿದ ಮೋಡವೆಲ್ಲ ಹಿಮಾಲಯಕ್ಕೆ ಹೋಗಿ ಹಿಮವಾಗಿ ಬಿತ್ತು. ಥೊರೊಂಗ್ ಲಾ ಸೇರಿ ಆ ಭಾಗದ ಬೆಟ್ಟಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದರೆ ನಾವು ಅಂಗಳದ ಅಡಿಕೆ ನೋಡುತ್ತೇವೆ. ಅದೇ ಸುದ್ದಿ ಅಲ್ಲಿ ನಡೆಯುವವರಿಗೂ ಬೇಕು ಎಂದು ನನಗೆ ಆಗಲೇ ಗೊತ್ತಾದದ್ದು.

ಇನ್ನು ಚೀಲ. ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ ಇವರದ್ದು 14 ಕಿಲೋ, ನನ್ನದು 11. ಬಿಚ್ಚಿ ಜಗಲಿಯಲ್ಲಿ ಹರಡಿದೆವು. ಎರಡು ಟೂತ್‌ಪೇಸ್ಟ್, ಎರಡು ಚಾರ್ಜರ್, ಎರಡು ಕತ್ತರಿ. ಮದುವೆಯಾಗಿ 19 ವರ್ಷ ಆದರೂ ಪ್ರತಿಯೊಬ್ಬರೂ ಒಂಟಿಯಾಗಿ ಹೊರಟ ಹಾಗೆ ತುಂಬಿಸಿದ್ದೆವು! ದಪ್ಪ ಟವೆಲ್ ಹೋಯಿತು, ತೆಳು ಬೈರಾಸು ಬಂತು. ಅದು ಗಾಳಿಗೆ ಹಿಡಿದರೆ ಒಣಗುತ್ತದೆ. ದಪ್ಪ ಜಾಕೆಟ್ಟು ಪೋಖರಾದಲ್ಲಿ ಬಾಡಿಗೆಗೆ ಸಿಗುತ್ತದೆ. ಈ ಸೆಕೆಯ ಊರಿನಲ್ಲಿ ಅದನ್ನು ಕೊಂಡು ಮತ್ತೆ ಏನು ಮಾಡುವುದು? ದಾರಿಯುದ್ದಕ್ಕೂ ಊಟ ಸಿಗುತ್ತದೆ, ದಾಲ್ ಭಾತ್ ಮುಗಿದರೆ ಮತ್ತೆ ಬಡಿಸುತ್ತಾರೆ. ಹಾಗಾಗಿ ತಿನ್ನುವುದರಲ್ಲಿ ಉಳಿದದ್ದು ಸಣ್ಣ ಬಾಟ್ಲಿಯಲ್ಲಿ ಮಿಡಿ ಉಪ್ಪಿನಕಾಯಿ ಮಾತ್ರ. ಕೊನೆಗೆ 9 ಮತ್ತು 7 ಕಿಲೋಗೆ ಬಂದು ನಿಂತಿತು.

ಆದರೆ ಎಲ್ಲವನ್ನೂ ಹಂಚಿಕೊಳ್ಳಬಾರದು. ಇದನ್ನು ಕುಮಾರ ಪರ್ವತದಲ್ಲಿ ಕಲಿತೆ. ಅಭ್ಯಾಸಕ್ಕೆಂದು ಹೋಗಿದ್ದೆವು. ಇಳಿಯುವಾಗ ಕತ್ತಲಾಯಿತು. ಇದ್ದ ಒಂದೇ ಟಾರ್ಚು ಇವರ ಚೀಲದಲ್ಲಿ, ಇವರು ಮುಂದೆ. ಇಪ್ಪತ್ತು ನಿಮಿಷ ಬಂಡೆಯ ಮೇಲೆ ಕೂತು ನಾನು ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಮನೆಗೆ ಬಂದು ಪುಸ್ತಕದಲ್ಲಿ ಎರಡು ಸಾಲು ಬರೆದೆ. ಟಾರ್ಚು, ವಿಷಲ್, ನೀರು, ದುಡ್ಡು, ಐಡಿ ಇಬ್ಬರಲ್ಲೂ ಬೇರೆ ಬೇರೆ. ನಿಧಾನದವರು ಯಾವಾಗಲೂ ಮುಂದೆ. ಎರಡನೆಯದು ಇವರಿಗೆ ಸುಲಭ ಆಗಲಿಲ್ಲ. ಮೊದಲ ವಾರ ನನ್ನ ಹಿಮ್ಮಡಿಗೆ ಇವರ ಕೋಲು ತಾಗುತ್ತಲೇ ಇತ್ತು.

ಉಳಿದ ಅಭ್ಯಾಸ ಪೊಸಡಿ ಗುಂಪೆಯಲ್ಲಿ, ಬೆನ್ನ ಮೇಲೆ 8 ಕಿಲೋ ಅಕ್ಕಿ. ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೋದದ್ದು. ಕಣಿವೆದಾರಿಯಿಂದ ಮುಕ್ತಿನಾಥಕ್ಕೆ ಒಂದೇ ದಿನ 1,600 ಮೀಟರಿನಷ್ಟು ಇಳಿಯಬೇಕು, ಮೊಣಗಂಟು ಕೇಳಬೇಕಲ್ಲ. ಹೊಸ ಬೂಟು ಪಳಗಲಿ ಎಂದು ಎರಡು ತಿಂಗಳು ಅದನ್ನೇ ಹಾಕಿ ತೋಟಕ್ಕೆ ಹೋದೆ. “ಹಾಳೆ ಹೆಕ್ಕಲು ಮಿಲಿಟ್ರಿಯವರು ಬಂದರು” ಎಂದು ಅತ್ತೆ ನಗುತ್ತಿದ್ದರು.

ಕಾಗದಪತ್ರ ಕಡಿಮೆ. ನಮ್ಮ ವಯಸ್ಸಿನವರಿಗೆ ಗಡಿಯಲ್ಲಿ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು, ಆಧಾರ್ ನಡೆಯುವುದಿಲ್ಲ. ನನ್ನ ವೋಟರ್ ಐಡಿಯಲ್ಲಿ ಕಚೇರಿಯವರು ಹೆಸರನ್ನು ಮಲಯಾಳದ ಉಚ್ಚಾರಕ್ಕೆ ತಿರುಗಿಸಿದ್ದರು, ಅದನ್ನು ಸರಿ ಮಾಡಿಸಲು ಮೂರು ಸಲ ಹೋಗಬೇಕಾಯಿತು. ಕಾಸರಗೋಡಿನ ಕನ್ನಡದವರಿಗೆ ಇದು ಹೊಸತಲ್ಲ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರ್ಮಿಟ್‌ಗೆ ನಾವು ಹೋದಾಗ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ. ನಮ್ಮ 1 ರೂಪಾಯಿಗೆ ಅವರ 1.60, ಅಂದರೆ 625 ರೂಪಾಯಿ ಆಯಿತು. 2023ರ ಏಪ್ರಿಲ್‌ನಿಂದ ಗೈಡ್ ಬೇಕೇಬೇಕೆಂಬ ನಿಯಮ ಇದೆ, ಪೋಖರಾದಲ್ಲಿ ಒಬ್ಬರನ್ನು ಗೊತ್ತು ಮಾಡಿದೆವು. ವಿಮೆ ತೆಗೆಯುವಾಗ ಎಷ್ಟು ಎತ್ತರದವರೆಗೆ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಎಂದು ಸಣ್ಣಕ್ಷರ ಓದಿ. ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಬರೆದುಕೊಡುವ ಮುಂಚೆ ನಮ್ಮ ಡಾಕ್ಟರು ಸಲ್ಫಾ ಅಲರ್ಜಿ ಇದೆಯಾ ಎಂದು ಕೇಳಿದರು. ಬೆರಳು ಜುಮ್ ಎಂದರೆ ಹೆದರಬೇಡಿ ಎಂದೂ ಹೇಳಿದರು.

ಇಷ್ಟೆಲ್ಲ ಮಾಡಿ ನಾವು ಒಂದು ಒಪ್ಪಂದವನ್ನೂ ಮಾಡಿಕೊಂಡಿದ್ದೆವು. ಇಬ್ಬರಲ್ಲಿ ಯಾರು ‘ಸಾಕು’ ಎಂದರೂ ಆ ದಿನ ಅಲ್ಲಿಗೇ ನಿಲ್ಲುವುದು. ಯಾಕೆ ಎಂದು ಕೇಳಬಾರದು. ಹಾಗೆ ಹೇಳುವವಳು ನಾನೇ ಎಂದು ಇಬ್ಬರೂ ಒಳಗೊಳಗೇ ನಂಬಿದ್ದೆವು.

ಯಾಕ್ ಖರ್ಕದಲ್ಲಿ ರಾತ್ರಿ ಇವರು ಅನ್ನ ಬಿಟ್ಟರು. “ಹಸಿವಿಲ್ಲ” ಎಂದರು. ಅನ್ನ ಬಿಡುವ ಜನ ಅಲ್ಲ ಇವರು. ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಡಾಕ್ಟರು ಮಧ್ಯಾಹ್ನದ ಪಾಠದಲ್ಲಿ ಹೇಳಿದ್ದು ನೆನಪಾಯಿತು. ತಲೆನೋವಿನ ಜೊತೆ ಊಟ ಸೇರದಿದ್ದರೆ ಅದು ಎತ್ತರದ ಕಾಯಿಲೆ ಎಂದೇ ಹಿಡಿಯಿರಿ, ಮೇಲೆ ಹೋಗಬೇಡಿ.

“ತಲೆ ನೋಯುತ್ತದಾ?”

“ಸ್ವಲ್ಪ. ನಿದ್ದೆ ಮಾಡಿದರೆ ಹೋಗುತ್ತದೆ.”

“ಯಾವಾಗಿನಿಂದ?”

ಸುಮ್ಮನಾದರು. ನಿನ್ನೆಯಿಂದ ಅಂತೆ! ನಮ್ಮ ಒಪ್ಪಂದದ ತೂತು ಆಗ ಕಂಡಿತು. ಅವರವರ ‘ಸಾಕು’ ಅವರವರೇ ಹೇಳುತ್ತಾರೆ ಎಂದು ಬರೆದುಕೊಂಡಿದ್ದೆವು. ಗಂಡಸಿನ ಬಾಯಿಯಿಂದ ಆ ಮಾತು ಬರಬೇಕಾದರೆ ಮೊದಲು ಮೂರು ಸುಳ್ಳು ಬರಬೇಕು. ಇವರ ಪರವಾಗಿ ನಾನೇ ‘ಸಾಕು’ ಎಂದೆ. ಗೈಡ್ ತಲೆ ಆಡಿಸಿದರು. ಇವರು ಮುಖ ತಿರುಗಿಸಿ ಮಲಗಿದರು.

ಬೆಳಿಗ್ಗೆ ಮನಾಂಗ್‌ಗೆ ಇಳಿದೆವು. ಮಧ್ಯಾಹ್ನ ಎರಡು ಸಲ ದಾಲ್ ಭಾತ್ ಹಾಕಿಸಿಕೊಂಡರು, ನನಗೆ ಅಷ್ಟು ಸಾಕಿತ್ತು. ಮಾರನೇ ದಿನ ಮತ್ತೆ ಯಾಕ್ ಖರ್ಕಕ್ಕೆ ಹತ್ತಿದೆವು. ಖಾಲಿ ಬಿಟ್ಟ ಮೂರರಲ್ಲಿ ಎರಡು ದಿನ ಹೀಗೆ ಖರ್ಚಾಯಿತು. ಅಲ್ಲಿಂದ ಮುಂದೆ ಪ್ರತಿ ರಾತ್ರಿ ಇವರದ್ದು ನಾನು, ನನ್ನದು ಇವರು ಬರೆಯುವುದು ಎಂದಾಯಿತು. ಊಟ ಎಷ್ಟು, ತಲೆನೋವು ಇದೆಯಾ, ಮೂತ್ರ ಎಷ್ಟು ಸಲ. ಹಾಲಿನ ಲೆಕ್ಕದ ಪುಸ್ತಕದಲ್ಲಿ ಅದು ಚೆನ್ನಾಗಿಯೇ ಹೊಂದಿತು.

ಕಣಿವೆದಾರಿ ದಾಟಿದ ದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ನಾನು ಮುಂದೆ, ಇವರು ಹಿಂದೆ. ಕೋಲು ಒಮ್ಮೆಯೂ ತಾಗಲಿಲ್ಲ. ಮೇಲೆ ಫೋಟೋ ತೆಗೆಯುವಷ್ಟು ಹೊತ್ತು ನಿಂತೆವು, ಗಾಳಿ ಅದಕ್ಕಿಂತ ಹೆಚ್ಚು ನಿಲ್ಲಲು ಬಿಡುವುದಿಲ್ಲ. ಸಂಜೆಗೆ ಮುಕ್ತಿನಾಥ. ಸಾಲಿಗ್ರಾಮ ಕೊಂಡು ಇವರ ಚೀಲಕ್ಕೆ ಹಾಕಿದೆ. ಅದನ್ನು ತಕ್ಕಡಿಗೆ ಇಡಬಾರದೆಂದು ಅತ್ತೆ ಫೋನಿನಲ್ಲೇ ಹೇಳಿದ್ದರು.