ಆರು ಪಾಲಿನ ಎರಡು ವರ್ಷದ ಕುದುರೆ: ಮೊದಲ ರೇಸಿಗೆ ಮುಂಚೆ ನಾವು ಮಾಡಿದ್ದು

ಬೆಂಗಳೂರಿನಲ್ಲಿ ಆರು ಜನ ಸಮಪಾಲು ಹಾಕಿ ಎರಡು ವರ್ಷದ ಫಿಲ್ಲಿಯೊಂದನ್ನು (ಎಳೆಯ ಹೆಣ್ಣು ಕುದುರೆ) ಕೊಂಡು, ಚಳಿಗಾಲದ ಋತುವಿನ ಮೊದಲ ಓಟಕ್ಕೆ ಸಿದ್ಧಮಾಡಿದ ಕ್ರಮವನ್ನು ಬರೆಯುತ್ತಿದ್ದೇನೆ. ಪಾಲುದಾರರ ನಡುವೆ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಕುದುರೆ ಓಡದೆ ಲಾಯದಲ್ಲಿ ನಿಂತ ತಿಂಗಳುಗಳಲ್ಲಿ. ಎಳೆಯ ಕುದುರೆಗೆ ಅಂಥ ತಿಂಗಳು ಬಂದೇ ಬರುತ್ತದೆ. ಅದಕ್ಕೇ ಕುದುರೆ ನೋಡುವ ಮೊದಲೇ ಆ ತಿಂಗಳುಗಳ ಹಣವನ್ನು ಎತ್ತಿಟ್ಟೆವು.

ಲೆಕ್ಕ ಹೀಗಿತ್ತು. ಜಿಎಸ್‌ಟಿ ಸೇರಿ ಕೊಳ್ಳುವ ಬೆಲೆಗೆ 12 ಲಕ್ಷದ ಮಿತಿ. ಟ್ರೇನರ್ ಶುಲ್ಕ, ಮೇವು, ಸೈಸ್ (ಕುದುರೆ ನೋಡಿಕೊಳ್ಳುವ ಆಳು) ಸಂಬಳ, ಲಾಳ, ಮಾಮೂಲಿ ಔಷಧಿ ಎಲ್ಲ ಸೇರಿ ತಿಂಗಳಿಗೆ 60,000 ಹಿಡಿದೆವು. ಫೆಬ್ರವರಿಯಿಂದ ಅಕ್ಟೋಬರ್‌ವರೆಗಿನ 9 ತಿಂಗಳಿಗೆ 5,40,000. ಅದರ ಮೇಲೆ ಇನ್ನೂ 6 ತಿಂಗಳ ಖರ್ಚು, ಅಂದರೆ 3,60,000, ಮೀಸಲು. ಒಟ್ಟು 21 ಲಕ್ಷ, ತಲೆಗೆ ಮೂರೂವರೆ ಲಕ್ಷ. ಕುದುರೆಯ ಬೆಲೆಯ ಆರನೇ ಒಂದು ಪಾಲು 2 ಲಕ್ಷ ಮಾತ್ರ; ಅಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದವರು ಆರನೇ ತಿಂಗಳಿಗೆ ಫೋನ್ ಎತ್ತುವುದಿಲ್ಲ. ಮೀಸಲಿನ ದುಡ್ಡನ್ನು ಮೊದಲ ದಿನವೇ ಜಂಟಿ ಖಾತೆಗೆ ಹಾಕಿಸಿಕೊಂಡೆವು, ಹಣ ತೆಗೆಯಲು ಇಬ್ಬರ ಸಹಿ ಕಡ್ಡಾಯ ಮಾಡಿದೆವು.

ಕರಾರುಪತ್ರ ಮೂರು ಪುಟದ್ದು. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಷರತ್ತುಗಳು ನಾಲ್ಕು. ಟ್ರೇನರ್ ಜೊತೆ ಮಾತಾಡುವವರು ಒಬ್ಬರೇ. ಉಳಿದವರು ತಿಂಗಳ ಎರಡನೇ ಶನಿವಾರ ಟ್ರ್ಯಾಕ್ ವರ್ಕ್ (ಓಟದ ಅಭ್ಯಾಸ) ನೋಡಲು ಬರಬಹುದು, ಕುದುರೆಯ ಬಗ್ಗೆ ಸೂಚನೆ ಕೊಡುವ ಹಾಗಿಲ್ಲ. ಕೆಲಸ ಹೆಚ್ಚಿಸುವುದು, ತಗ್ಗಿಸುವುದು ಟ್ರೇನರ್ ಮತ್ತು ವೈದ್ಯರ ತೀರ್ಮಾನ. ಅದಕ್ಕೆ ಪಾಲುದಾರರ ಮತವಿಲ್ಲ. ಮಾರಾಟ, ಟ್ರೇನರ್ ಬದಲಾವಣೆ, ಶಸ್ತ್ರಚಿಕಿತ್ಸೆ, ಈ ಮೂರಕ್ಕೆ ಆರರಲ್ಲಿ ನಾಲ್ಕು ಒಪ್ಪಿಗೆ ಬೇಕು. ತಿಂಗಳ ಕಂತು 5ನೇ ತಾರೀಖಿಗೆ. ಎರಡು ಕಂತು ತಪ್ಪಿದರೆ ಆ ಪಾಲನ್ನು ಮೊದಲು ಉಳಿದ ಐವರಿಗೆ, ಅವರು ಬೇಡವೆಂದರೆ ಮಾತ್ರ ಹೊರಗಿನವರಿಗೆ ಮಾರಬೇಕು. ಈ ಕೊನೆಯ ಷರತ್ತು ಕಠಿಣ ಅನ್ನಿಸಬಹುದು. ಆದರೆ ರೇಸ್ ನಡೆಸುವ ಕ್ಲಬ್ಬಿಗೂ ಟ್ರೇನರ್‌ಗೂ ಬಾಕಿ ಉಳಿದರೆ ಕುದುರೆ ಓಡುವುದಕ್ಕೇ ಅಡ್ಡಿಯಾಗುತ್ತದೆ, ಒಬ್ಬರ ಬಾಕಿಗೆ ಆರೂ ಜನ ನಿಲ್ಲಬೇಕಾಗುತ್ತದೆ. ಜಂಟಿ ಖಾತೆಯಿಂದ ಬೆಟ್ಟಿಂಗ್‌ಗೆ ಒಂದು ರೂಪಾಯಿಯೂ ಹೋಗಕೂಡದು ಎಂದೂ ಬರೆದೆವು. ಓಟ ನಿಲ್ಲಿಸಿದ ಮೇಲೆ ಕುದುರೆಯನ್ನು ಎಲ್ಲಿ, ಯಾರ ಖರ್ಚಿನಲ್ಲಿ ಸಾಕಬೇಕು ಎನ್ನುವುದನ್ನು ಅಂದೇ ಬರೆದಿಡುವುದು ಒಳ್ಳೆಯದು. ಆಮೇಲೆ ಆ ಮಾತೆತ್ತಲು ಯಾರಿಗೂ ಮನಸ್ಸು ಬರುವುದಿಲ್ಲ.

ಕಾಗದಪತ್ರದ ಕೆಲಸ ಬೇಗ ಮುಗಿಯುವಂಥದ್ದಲ್ಲ, ಆದರೆ ಕಷ್ಟದ್ದೂ ಅಲ್ಲ. ಪ್ರತಿ ಪಾಲುದಾರರೂ ಕ್ಲಬ್ಬಿನಲ್ಲಿ ಮಾಲೀಕರಾಗಿ ಒಪ್ಪಿಗೆ ಪಡೆಯಬೇಕು, ಪಾಲು ನೋಂದಣಿಯಾಗಬೇಕು, ಜಾಕಿ ತೊಡುವ ಅಂಗಿಯ ಬಣ್ಣ ಮತ್ತು ಕುದುರೆಯ ಹೆಸರು ಮಂಜೂರಾಗಬೇಕು. ಭಾರತೀಯ ಸ್ಟಡ್ ಬುಕ್ಕಿನ (ರೇಸ್ ಕುದುರೆಗಳ ವಂಶಾವಳಿಯ ದಾಖಲೆ) ಪಾಸ್‌ಪೋರ್ಟಿನಲ್ಲಿರುವ ಗುರುತುಗಳನ್ನೂ ಮೈಕ್ರೋಚಿಪ್ ಸಂಖ್ಯೆಯನ್ನೂ ಕುದುರೆ ಪಕ್ಕ ನಿಂತು ತಾಳೆ ನೋಡಿಕೊಳ್ಳಿ. ವಿಮೆ ಮಾಡಿಸುವಾಗ ಒಂದು ಗಮನಿಸಿ: ಸಾಮಾನ್ಯ ಪಾಲಿಸಿ ಸಾವಿಗೆ ಮಾತ್ರ, ಕಾಲು ಕುಂಟಾದರೆ ಏನೂ ಸಿಗುವುದಿಲ್ಲ. ತೆರಿಗೆಯಲ್ಲೂ ರೇಸ್ ಕುದುರೆ ಸಾಕಿದ ನಷ್ಟವನ್ನು ಸಂಬಳಕ್ಕೋ ಬೇರೆ ವ್ಯಾಪಾರಕ್ಕೋ ಹೊಂದಿಸಲಾಗದು. ಅದೇ ಬಾಬಿನ ಆದಾಯಕ್ಕೆ ಮಾತ್ರ, ಅದೂ ನಾಲ್ಕು ವರ್ಷದೊಳಗೆ.

ಕುದುರೆ ಆರಿಸುವಾಗ ಪಾಸ್‌ಪೋರ್ಟಿನ ಹುಟ್ಟಿದ ತಾರೀಖನ್ನು ಮೊದಲು ನೋಡಿದೆವು. ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗೂ ಜನವರಿ 1ಕ್ಕೆ ಒಂದು ವರ್ಷ ತುಂಬುತ್ತದೆ. ಜನವರಿಯ ಮರಿಗೂ ಮೇ ತಿಂಗಳ ಮರಿಗೂ ಕಾಗದದ ಮೇಲೆ ಒಂದೇ ವಯಸ್ಸು. ಎಲುಬಿನಲ್ಲಿ ನಾಲ್ಕು ತಿಂಗಳ ಅಂತರ. ಮೊಣಕಾಲಿನ ಮೇಲಿನ ಎಲುಬಿನ ಬೆಳವಣಿಗೆಯ ಪಟ್ಟಿ ಮುಚ್ಚಿಕೊಳ್ಳಲು ಸುಮಾರು 24ರಿಂದ 30 ತಿಂಗಳು ಬೇಕು. ನಾವು ಕೊಂಡದ್ದು ಮಾರ್ಚ್ ಕೊನೆಯಲ್ಲಿ ಹುಟ್ಟಿದ್ದು, ಅಂದರೆ ನವೆಂಬರಿಗೆ 32 ತಿಂಗಳು. ಮೇ ಮರಿಯಾಗಿದ್ದರೆ ಚಳಿಗಾಲದ ಓಟದ ಆಸೆಯನ್ನೇ ಬಿಟ್ಟು ಮುಂದಿನ ಬೇಸಿಗೆಗೆ ಲೆಕ್ಕ ಹಾಕುತ್ತಿದ್ದೆವು. ದುಡ್ಡು ಕೊಡುವ ಮೊದಲು ನಮ್ಮದೇ ವೈದ್ಯರಿಂದ ಮುಂಗಾಲುಗಳ ಎಕ್ಸ್‌ರೇ, ಗಂಟಲಿನ ಎಂಡೋಸ್ಕೋಪಿ, ಹೃದಯ ಪರೀಕ್ಷೆ ಮಾಡಿಸಿದೆವು. ಎಂಡೋಸ್ಕೋಪಿಯಲ್ಲಿ ನೋಡಬೇಕಾದದ್ದು ಧ್ವನಿಪೆಟ್ಟಿಗೆಯ ಎಡಭಾಗ ಪೂರ್ತಿ ತೆರೆಯುತ್ತದೆಯೇ ಎಂದು. ತೆರೆಯದ ಕುದುರೆ ವೇಗದಲ್ಲಿ ಗೊರಗೊರ ಸದ್ದು ಮಾಡುತ್ತಾ ಉಸಿರಿಗೆ ಸೋಲುತ್ತದೆ. ಮಾರುವವರ ವೈದ್ಯರ ವರದಿಯನ್ನು ನಂಬಿ ಕೊಳ್ಳಬೇಡಿ.

ಲಾಯಕ್ಕೆ ಬಂದ ಮೊದಲ ವಾರ ಹಲ್ಲು ನೋಡಿಸಿದೆವು. ಮೇಲ್ದವಡೆಯ ಅಗಿಯುವ ಹಲ್ಲಿನ ಮುಂದೆ ‘ವುಲ್ಫ್ ಟೀತ್’ ಎನ್ನುವ ಮೊಳಕೆಯಂಥ ಹಲ್ಲಿದ್ದರೆ ಕಡಿವಾಣ ತಾಗಿ ನೋವಾಗುತ್ತದೆ. ಕುದುರೆ ತಲೆ ಕೊಡವುತ್ತದೆ, ಜನ ಅದನ್ನು ಮೊಂಡು ಅನ್ನುತ್ತಾರೆ. ಅದನ್ನು ಕೀಳಿಸಿ ಹತ್ತು ದಿನ ಬಿಟ್ಟು ರಬ್ಬರ್ ಕಡಿವಾಣ ಹಾಕಿದೆವು. ಪಳಗಿಸಲು 8 ವಾರ ಹಿಡಿಯಿತು. ಮೊದಲು ಕೈಯಲ್ಲಿ ನಡೆಸುವುದು, ಎದೆಪಟ್ಟಿ ಅಭ್ಯಾಸ. ಆಮೇಲೆ ಉದ್ದ ಹಗ್ಗದಲ್ಲಿ ಸುತ್ತು ಹಾಕಿಸುವುದು. ಇದು ಒಂದೊಂದು ಕಡೆಗೂ 10 ನಿಮಿಷಕ್ಕಿಂತ ಹೆಚ್ಚು ಬೇಡ, ಸಣ್ಣ ವೃತ್ತದ ತಿರುಚು ಎಳೆಯ ಕೀಲಿಗೆ ಒಳ್ಳೆಯದಲ್ಲ. ಮೂರು, ನಾಲ್ಕನೇ ವಾರ ಹಿಂದೆ ನಡೆಯುತ್ತಾ ಎರಡು ಲಗಾಮಿನಿಂದ ಓಡಿಸುವುದು. ಐದನೇ ವಾರ ಜೀನು, ಲಾಯದೊಳಗೇ ರೈಡಿಂಗ್ ಬಾಯ್ ಬೆನ್ನಿನ ಮೇಲೆ ಅಡ್ಡ ಮಲಗಿ ಇಳಿಯುವುದು. ಕೊನೆಯ ಎರಡು ವಾರ ವಯಸ್ಸಾದ, ಶಾಂತ ಕುದುರೆಯೊಂದರ ಹಿಂದೆ ನಡಿಗೆ ಮತ್ತು ಟ್ರಾಟ್ (ಕುಲುಕು ಓಟ).

ಮೇವಿನ ವಿಷಯದಲ್ಲಿ ನಮ್ಮಲ್ಲಿ ಆಗುವ ದೊಡ್ಡ ತಪ್ಪು ಬೂಸಾ. ಗೋಧಿ ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರಾ ಕಡಿಮೆ. ದಿನಾ ಬಕೆಟ್ಟುಗಟ್ಟಲೆ ಕೊಟ್ಟರೆ ಕುದುರೆ ತನ್ನ ಎಲುಬಿನಿಂದಲೇ ಸುಣ್ಣ ತೆಗೆದು ಸರಿದೂಗಿಸಿಕೊಳ್ಳುತ್ತದೆ, ಅದೂ ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ನಾವು ಬೂಸಾವನ್ನು ದಿನಕ್ಕೆ ಅರ್ಧ ಕೆಜಿಗೆ ಇಳಿಸಿ, 30 ಗ್ರಾಂ ಸುಣ್ಣದಕಲ್ಲಿನ ಪುಡಿ ಸೇರಿಸಿದೆವು. ಫಿಲ್ಲಿಯ ತೂಕ 420 ಕೆಜಿ. ಪಳಗಿಸುವಾಗ ಎರಡೂವರೆ ಕೆಜಿ ಓಟ್ಸ್, ಪೂರ್ಣ ಕೆಲಸಕ್ಕೆ ಬಂದಾಗ ನಾಲ್ಕೂವರೆ ಕೆಜಿ. ಒಣಹುಲ್ಲು 5 ಕೆಜಿ, ಲೂಸರ್ನ್ ಸೊಪ್ಪು 4 ಕೆಜಿ, ಬೇಯಿಸಿದ ಹುರುಳಿ ಅರ್ಧ ಕೆಜಿ, ಉಪ್ಪು 50 ಗ್ರಾಂ. ಎಲ್ಲವೂ ನಾಲ್ಕು ಹೊತ್ತಿಗೆ ಹಂಚಿ. ಲೂಸರ್ನ್ ಮಳೆಯಲ್ಲಿ ತೊಯ್ದು ಬಂದಿದ್ದರೆ ನೆರಳಲ್ಲಿ ಹರಡಿ ಬಾಡಿಸಿದ ಮೇಲೇ ಕೊಡಬೇಕು, ಇಲ್ಲವಾದರೆ ಹೊಟ್ಟೆ ಉಬ್ಬುತ್ತದೆ. ಅಗಸೆ ಹಾಕುವುದಾದರೆ ಚೆನ್ನಾಗಿ ಕುದಿಸಿ. ನೆನೆಹಾಕಿದ ಹಸಿ ಅಗಸೆಯಲ್ಲಿ ಸಯನೈಡ್ ಬಿಡುಗಡೆಯಾಗುತ್ತದೆ. ಭಾನುವಾರ ಕುದುರೆಗೆ ರಜೆ, ಹಾಗಾಗಿ ಶನಿವಾರ ರಾತ್ರಿಯಿಂದಲೇ ಕಾಳು ಅರ್ಧಕ್ಕೆ ಇಳಿಸುತ್ತಿದ್ದೆವು. ರಜೆಯ ದಿನ ಪೂರ್ತಿ ಕಾಳು ತಿಂದ ಕುದುರೆ, ಅದರಲ್ಲೂ ಫಿಲ್ಲಿ, ಸೋಮವಾರ ಟ್ರ್ಯಾಕಿನಲ್ಲಿ ಸೊಂಟದ ಸ್ನಾಯು ಕಲ್ಲಿನಂತಾಗಿ ನಿಂತುಬಿಡಬಹುದು. ಹಾಸಿಗೆಗೆ ಭತ್ತದ ಹುಲ್ಲು ಬೇಡವೆಂದು ಮರದ ಹೊಟ್ಟು ಹಾಕಿಸಿದೆವು, ಬೇಸರಕ್ಕೆ ಹಾಸಿಗೆಯ ಹುಲ್ಲನ್ನೇ ತಿಂದು ಹೊಟ್ಟೆ ಕಟ್ಟಿಕೊಳ್ಳುವ ಕುದುರೆಗಳು ಬಹಳ.

ದಿನದ ತಪಾಸಣೆಯೆಲ್ಲ ಸೈಸ್ ಕೈಯಲ್ಲಿದೆ. ಬೆಳಗ್ಗೆ ಐದಕ್ಕೆ, ಮೊದಲು ಬಾನಿ (ಕಾಳು ಹಾಕುವ ತೊಟ್ಟಿ) ನೋಡುವುದು, ರಾತ್ರಿಯ ಕಾಳು ಉಳಿದಿದ್ದರೆ ಬರೆದಿಡುವುದು. ಆಮೇಲೆ ಜ್ವರ: 37.5ರಿಂದ 38.5 ಡಿಗ್ರಿ ಸರಿ, ಅದಕ್ಕಿಂತ ಮೇಲಿದ್ದರೆ ಆ ದಿನ ಹೊರಗೆ ತೆಗೆಯುವ ಹಾಗಿಲ್ಲ. ಕೊನೆಗೆ ನಾಲ್ಕೂ ಕಾಲನ್ನು ಬರಿಗೈಯಲ್ಲಿ ಸವರಿ ಬಿಸಿ, ಊತ ನೋಡುವುದು. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಸೈಸ್‌ಗೆ ತಿಂಗಳಿಗೆ ಪ್ರತ್ಯೇಕವಾಗಿ ಏನಾದರೂ ಕೊಡುವುದಿದ್ದರೆ ಟ್ರೇನರ್‌ಗೆ ತಿಳಿಸಿಯೇ ಕೊಡಿ. ಗೆದ್ದ ದಿನದ ಭಕ್ಷೀಸಿಗಿಂತ ಈ ಹತ್ತು ನಿಮಿಷಕ್ಕೆ ಬೆಲೆ ಕಟ್ಟಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟ್ರ್ಯಾಕಿನ ಕೆಲಸಕ್ಕೆ ಬರೋಣ. ಏಪ್ರಿಲ್‌ನಿಂದ ಜೂನ್‌ವರೆಗೆ ವಾರಕ್ಕೆ ಐದು ದಿನ 1,600 ಮೀಟರ್ ನಿಧಾನ ಕ್ಯಾಂಟರ್ (ಪೂರ್ತಿ ವೇಗಕ್ಕೆ ಬಿಡದ ಹದವಾದ ಓಟ), ಪ್ರತಿ 200 ಮೀಟರಿಗೆ 20ರಿಂದ 22 ಸೆಕೆಂಡ್. ಜುಲೈಯಿಂದ ವಾರಕ್ಕೆ ಎರಡು ಸಲ ಕೊನೆಯ 200 ಮೀಟರ್ ಮಾತ್ರ 15 ಸೆಕೆಂಡಿಗೆ. ಮೂರು ನಾಲ್ಕು ವಾರಕ್ಕೊಮ್ಮೆ ಆ ವೇಗದ ಭಾಗವನ್ನು 200 ಮೀಟರಿನಷ್ಟು ಬೆಳೆಸುತ್ತಾ ಹೋಗುವುದು. ಈ ಕ್ರಮಕ್ಕೆ ಕಾರಣವಿದೆ. ಮುಂಗಾಲಿನ ನಳಿಗೆಯ ಎಲುಬು ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ಆಕಾರ ಬದಲಿಸಿಕೊಳ್ಳುತ್ತದೆ. ನಿಧಾನ ಓಟದಲ್ಲಿ ಬೀಳುವ ಹೊರೆಯೇ ಬೇರೆ, ವೇಗದಲ್ಲಿ ಬೀಳುವುದೇ ಬೇರೆ. ತಿಂಗಳುಗಟ್ಟಲೆ ನಿಧಾನವಾಗಿ ಮೈಲಿಗಟ್ಟಲೆ ಓಡಿಸಿ ಒಂದು ದಿನ ಇದ್ದಕ್ಕಿದ್ದಂತೆ 600 ಮೀಟರ್ ಬಿಟ್ಟರೆ ಎಲುಬಿನ ಮುಂಭಾಗ ತಡೆಯುವುದಿಲ್ಲ. ಚಿಕ್ಕ ಚಿಕ್ಕ ವೇಗದ ತುಣುಕನ್ನು ಮೊದಲಿನಿಂದ ಕೊಟ್ಟರೆ ಅಲ್ಲೇ ಎಲುಬು ದಪ್ಪವಾಗುತ್ತದೆ.

ಇಷ್ಟು ಮಾಡಿಯೂ ಆಗಸ್ಟ್ ಕೊನೆಯಲ್ಲಿ ಶಿನ್ ಸೋರ್ (ನಳಿಗೆಯ ಎಲುಬಿನ ಮುಂಭಾಗದ ನೋವು) ಬಂತು. 400 ಮೀಟರ್ ಹಂತದಲ್ಲಿದ್ದೆವು. ಒಂದು ವಾರ ಮಳೆಯಾಗಿ ಸ್ಯಾಂಡ್ ಟ್ರ್ಯಾಕ್ ಗಟ್ಟಿಯಾಗಿತ್ತು. ಒದ್ದೆ ಮರಳು ಒತ್ತಾಗಿ ಕೂತು ವೇಗ ಕೊಡುತ್ತದೆ, ಪೆಟ್ಟೂ ಜಾಸ್ತಿ. ಗಡಿಯಾರ ಎರಡು ಸೆಕೆಂಡ್ ಚೆನ್ನಾಗಿ ತೋರಿಸಿದ್ದನ್ನು ಕುದುರೆಯ ಪ್ರಗತಿ ಎಂದು ಓದಿದ್ದು ನಮ್ಮ ತಪ್ಪು. ಲಕ್ಷಣ ಹೀಗಿರುತ್ತದೆ: ಹೆಜ್ಜೆ ಗಿಡ್ಡವಾಗುತ್ತದೆ, ಎರಡೂ ಕಾಲಿಗೆ ಬಂದಿದ್ದರೆ ಕುಂಟು ಕಾಣುವುದೇ ಇಲ್ಲ, ಮಂಡಿಯ ಕೆಳಗೆ ಎಲುಬಿನ ಮುಂಭಾಗವನ್ನು ಹೆಬ್ಬೆರಳಲ್ಲಿ ಒತ್ತಿದರೆ ಕಾಲು ಕಿತ್ತುಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಬಿರುಕು ಇಲ್ಲವೆಂದು ಖಚಿತಪಡಿಸಿಕೊಂಡು, ಹತ್ತು ದಿನ ನಡಿಗೆ ಮಾತ್ರ, ದಿನಕ್ಕೆ ಎರಡು ಸಲ 20 ನಿಮಿಷ ತಣ್ಣೀರು. ಆಮೇಲೆ ಟ್ರಾಟ್, ಮತ್ತೆ ನಿಧಾನ ಕ್ಯಾಂಟರ್. ಒಟ್ಟು ಆರು ವಾರ ಹೋಯಿತು. ನೋವು ಮರೆಸುವ ಇಂಜೆಕ್ಷನ್ ಕೊಟ್ಟು ಕೆಲಸ ಮುಂದುವರಿಸಿದರೆ ಶಿನ್ ಸೋರ್ ಮುಂದೆ ಬಿರುಕಾಗಬಹುದು; ಓಟದ ದಿನ ಮೈಯಲ್ಲಿ ಆ ಔಷಧಿಯ ಅಂಶ ಸಿಕ್ಕರೆ ಶಿಕ್ಷೆ ಬೇರೆ. ಆರು ವಾರಕ್ಕೆ 90,000 ರೂಪಾಯಿ ಮೀಸಲಿನಿಂದ ಹೋಯಿತು. ಹೊಸದಾಗಿ ಯಾರ ಜೇಬಿಗೂ ಕೈ ಹಾಕಬೇಕಾಗಲಿಲ್ಲ, ಆದ್ದರಿಂದ ಬೇಗ ಓಡಿಸಿ ಎಂಬ ಒತ್ತಡವೂ ಬರಲಿಲ್ಲ. ನವೆಂಬರಿನ ಓಟವನ್ನು ಡಿಸೆಂಬರ್ ಕೊನೆಗೆ ತಳ್ಳಿದೆವು.

ಮಳೆಗಾಲದಲ್ಲಿ ಗೊರಸಿಗೂ ಕೆಲಸ ಹೆಚ್ಚು. ಒಮ್ಮೆ ಒದ್ದೆ, ಒಮ್ಮೆ ಒಣ ಆಗಿ ಗೊರಸಿನ ಅಡಿ ಕೊಳೆತು ವಾಸನೆ ಬರುತ್ತದೆ. ದಿನಾ ಕೆರೆದು, ವಾರಕ್ಕೆರಡು ಸಲ ಮೈಲುತುತ್ತದ ನೀರು ಹಚ್ಚಿದರೆ ಸಾಕು. ಲಾಳ ನಾಲ್ಕು ವಾರಕ್ಕೊಮ್ಮೆ. ಐದಾರು ವಾರ ಎಳೆದರೆ ಗೊರಸಿನ ಮುಂದಿನ ತುದಿ ಉದ್ದವಾಗಿ ಹಿಮ್ಮಡಿ ತಗ್ಗುತ್ತದೆ, ಹಿಂದಿನ ಸ್ನಾಯುರಜ್ಜುವಿನ ಮೇಲೆ ಎಳೆತ ಬೀಳುತ್ತದೆ. ಉಳಿಸಿದ ಒಂದು ಲಾಳದ ಖರ್ಚಿಗೆ ಒಂದು ಇಡೀ ಋತು ಹೋಗಬಹುದು. ಅಭ್ಯಾಸಕ್ಕೆ ಉಕ್ಕಿನ ಲಾಳ, ಓಟಕ್ಕೆ ಮಾತ್ರ ಅಲ್ಯೂಮಿನಿಯಂ.

ಅಕ್ಟೋಬರ್ ಮಧ್ಯದಿಂದ ಗೇಟ್ ಪ್ರಾಕ್ಟೀಸ್, ಅಂದರೆ ಓಟ ಶುರುವಾಗುವ ಕಟಕಟೆಯಲ್ಲಿ ನಿಲ್ಲುವ ಅಭ್ಯಾಸ. ಮೊದಲು ಎರಡೂ ಬಾಗಿಲು ತೆರೆದು ನಡೆಸಿಕೊಂಡು ಹೋಗುವುದು, ಆಮೇಲೆ ಒಳಗೆ ನಿಲ್ಲಿಸುವುದು, ಹಿಂಬಾಗಿಲು ಮುಚ್ಚುವುದು, ಕೊನೆಗೆ ಎರಡೂ ಮುಚ್ಚಿ ಪಕ್ಕದಲ್ಲಿ ಇನ್ನೆರಡು ಕುದುರೆ ನಿಲ್ಲಿಸುವುದು. ಒಂದು ಸಲ ಹಾರಿಸಿ ಓಡಿಸಿದರೆ ಮೂರು ಸಲ ಸುಮ್ಮನೆ ನಡೆಸಿ ಹೊರಗೆ ತರುತ್ತಿದ್ದೆವು. ಗೇಟ್ ಕಂಡಾಗಲೆಲ್ಲ ಓಟವೇ ಎಂದಾದರೆ ಎಳೆಯ ಕುದುರೆ ಒಳಗೆ ನಿಂತೇ ಬೆವರಿ, ಓಟಕ್ಕೆ ಮೊದಲೇ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಹತ್ತು ಸಲ ಆದ ಮೇಲೆ ಸ್ಟಾರ್ಟರ್ (ಓಟ ಆರಂಭಿಸುವ ಅಧಿಕಾರಿ) ಒಪ್ಪಿದರು. ಡಿಸೆಂಬರ್ ಮೊದಲ ವಾರ ಔಟರ್ ಸ್ಯಾಂಡಿನಲ್ಲಿ (ಹೊರಗಿನ ಮರಳು ಟ್ರ್ಯಾಕ್) 1,000 ಮೀಟರ್ 1 ನಿಮಿಷ 12 ಸೆಕೆಂಡ್, ಕೊನೆಯ 600 ಮೀಟರ್ 42. ಅದೇ ವಾರ ಒಂದು ಮಾಕ್ ರೇಸ್ (ಅಭ್ಯಾಸದ ಓಟ), ಮುಂದಿನ ಕುದುರೆಗಳ ಕಾಲಿಂದ ಮುಖಕ್ಕೆ ಮಣ್ಣು ಹಾರುವುದನ್ನು ಕಲಿಸಲು ಬೇರೆ ದಾರಿಯಿಲ್ಲ. ಓಟಕ್ಕೆ ಆರಿಸಿದ್ದು 1,200 ಮೀಟರ್, ಗೆಲುವು ಕಾಣದ ಎರಡು ವರ್ಷದವುಗಳದ್ದು. ಜಾಕಿಗೆ ಕೊಟ್ಟ ಸೂಚನೆ ಒಂದೇ: ಚಾವಟಿ ಬೇಡ, ಕೊನೆಯವರೆಗೂ ನೇರವಾಗಿ ಓಡಲಿ.

ಎಂಟು ಕುದುರೆಗಳಲ್ಲಿ ಐದನೆಯದಾಗಿ ಬಂತು. ಮರುದಿನ ಬೆಳಗ್ಗೆ ನೋಡಬೇಕಾದದ್ದು ಬಾನಿ, ಜ್ವರ, ಕಾಲಿನ ಬಿಸಿ, ಗಟ್ಟಿ ನೆಲದ ಮೇಲೆ ಇಪ್ಪತ್ತು ಹೆಜ್ಜೆ ಟ್ರಾಟ್. ಬಾನಿ ಖಾಲಿಯಿತ್ತು, ಕಾಲು ತಣ್ಣಗಿತ್ತು. ಮೂರು ದಿನ ನಡಿಗೆ, ಒಂದು ವಾರ ನಿಧಾನ ಕ್ಯಾಂಟರ್, ಹತ್ತನೇ ದಿನ ಮತ್ತೊಮ್ಮೆ ಹೆಬ್ಬೆರಳಲ್ಲಿ ಎಲುಬು ಒತ್ತಿ ನೋಡಿದ ಮೇಲೆಯೇ ಎರಡನೇ ಓಟಕ್ಕೆ ಹೆಸರು ಕೊಟ್ಟೆವು. ಮೀಸಲಿನಲ್ಲಿ ಆಗ 2,15,000 ಉಳಿದಿತ್ತು.