ಸೌಂಡ್‌ಬಾರ್ ಮೇಲಿನ ಅಂಕಿಗಳನ್ನು ನಮ್ಮ ಹಾಲ್‌ಗೆ ಹೊಂದಿಸಿಕೊಂಡ ಬಗೆ

ಬಸವನಗುಡಿಯ ನಮ್ಮ ಮನೆಗೆ ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್ ಪೆಟ್ಟಿಗೆ, ತರಬೇಕೆಂದು ನಿಶ್ಚಯಿಸಲು ಕಾರಣ ಒಂದೇ: ಟಿವಿಯಲ್ಲಿ ಹಿನ್ನೆಲೆ ಸಂಗೀತ ಚೆನ್ನಾಗಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ತೆಳ್ಳಗಿನ ಟಿವಿಗಳ ಸ್ಪೀಕರ್‌ಗಳು ಸಾಮಾನ್ಯವಾಗಿ ಕೆಳಮುಖವಾಗಿಯೋ ಹಿಂಬದಿಗೋ ಇರುವುದರಿಂದ ದನಿ ಗೋಡೆಗೆ ಬಡಿದು ಮಸುಕಾಗಿ ಬರುತ್ತದೆ. ಧಾರಾವಾಹಿಯ ನಡುನಡುವೆ ಅಮ್ಮ "ಏನಂದ್ಲೋ ಅವಳು?" ಎಂದು ಕೇಳುವುದು ದಿನಚರಿಯೇ ಆಗಿತ್ತು. ಜಯನಗರದಲ್ಲೂ ಎಸ್.ಪಿ. ರಸ್ತೆಯಲ್ಲೂ ಅಂಗಡಿಗಳಿಗೆ ಹೋದಾಗ ಎಲ್ಲರೂ ವಾಟ್ ಲೆಕ್ಕವನ್ನೇ ಮುಂದಿಟ್ಟರು. ನಾನು ನೋಡಿದ್ದು 2.1, 5.1 ಎಂಬಂಥ ಚಾನೆಲ್‌ಗಳ, ಅಂದರೆ ಬೇರೆಬೇರೆಯಾಗಿ ಸಾಗುವ ದನಿಯ ಹರಿವುಗಳ, ಅಂಕಿಯನ್ನು.

ಈ ಅಂಕಿಯಲ್ಲಿ ಮೊದಲನೆಯದು ಕಿವಿಯ ಮಟ್ಟದಲ್ಲಿ ದನಿ ಕೊಡುವ ಚಾನೆಲ್‌ಗಳ ಸಂಖ್ಯೆ, ಎರಡನೆಯದು ಸಬ್‌ವೂಫರ್ (ತಗ್ಗಿನ, ಗಂಭೀರ ದನಿಗೆಂದೇ ಇರುವ ಸ್ಪೀಕರ್), ಮೂರನೆಯದು ಇದ್ದರೆ ಮೇಲಿನಿಂದ ಬರುವ ದನಿಯ ಚಾನೆಲ್‌ಗಳು. 2.1 ಎಂದರೆ ಎಡ, ಬಲ ಮತ್ತು ಸಬ್‌ವೂಫರ್; 3.1ರಲ್ಲಿ ಇವುಗಳ ಜೊತೆಗೆ ನಡುವಿನದೊಂದು, 5.1ರಲ್ಲಿ ಇನ್ನೆರಡು ಸರೌಂಡ್ (ಪಕ್ಕದಿಂದ, ಹಿಂದಿನಿಂದ ಕೇಳಿಸುವವು), 5.1.2ರಲ್ಲಿ ಚಾವಣಿಯತ್ತ ಮುಖಮಾಡಿದ ಎರಡು. ಆದರೆ ಅಂಕಿ ಹೇಳುವುದು ಚಾನೆಲ್‌ಗಳನ್ನೇ ಹೊರತು ಅವು ಕೋಣೆಯಲ್ಲಿ ಎಲ್ಲಿವೆ ಎಂಬುದನ್ನಲ್ಲ. ಪೆಟ್ಟಿಗೆಯ ಮೇಲೆ 5.1 ಎಂದಿದ್ದರೂ ಹಿಂದೆ ಇಡುವ ಸ್ಪೀಕರ್‌ಗಳೇ ಇಲ್ಲದೆ, ಐದನ್ನೂ ಒಂದೇ ಬಾರ್‌ನಲ್ಲಿ ಕೂರಿಸಿ, ಪಕ್ಕದ ಗೋಡೆಗಳಿಂದ ದನಿಯನ್ನು ಪುಟಿಸುವ ಮಾದರಿಗಳಿವೆ. ಇಂಥವುಗಳಿಗೆ ಎರಡೂ ಪಕ್ಕದಲ್ಲಿ ಗೋಡೆ ಬೇಕು. ನಮ್ಮ ಹಾಲ್‌ನ ಎಡಕ್ಕೆ ಗೋಡೆಯಿದೆ, ಬಲಕ್ಕೆ ಊಟದ ಕೋಣೆಗೆ ತೆರೆದ ಜಾಗ.

ಹಾಗಾದರೆ ಹಿಂದಿನ ಸ್ಪೀಕರ್‌ಗಳು ಬೇರೆಯಾಗಿ ಬರುವ 5.1 ತರಬಹುದಿತ್ತಲ್ಲ? ಐದು ಚಾನೆಲ್‌ಗಳ ವ್ಯವಸ್ಥೆಯಲ್ಲಿ ಸರೌಂಡ್ ಸ್ಪೀಕರ್‌ಗಳು ಕೇಳುಗರ ಎದುರಿನಿಂದ 100ರಿಂದ 120 ಡಿಗ್ರಿ ಕೋನದಲ್ಲಿ, ಅಂದರೆ ಕಿವಿಗಿಂತ ತುಸು ಹಿಂದೆ ಇರಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ನಮ್ಮ ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡೇ ಇದೆ, ಬೆಂಗಳೂರಿನ ಬಹುತೇಕ ಹಾಲ್‌ಗಳಲ್ಲಿ ಹಾಗೆಯೇ. ಹಿಂದಿಡಲು ಜಾಗವಿಲ್ಲ, ಬಲಕ್ಕೆ ಇಟ್ಟರೆ ಓಡಾಡುವ ದಾರಿಗೆ ಅಡ್ಡ. ಅದನ್ನು ಅಲ್ಲಿಗೇ ಕೈಬಿಟ್ಟೆ.

ಮೇಲಿನ ಚಾನೆಲ್‌ಗಳ ವಿಚಾರ ಇನ್ನೂ ಸ್ಪಷ್ಟವಾಗಿತ್ತು. 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಅಟ್ಮಾಸ್ ತಂತ್ರಜ್ಞಾನದಲ್ಲಿ ತಲೆಯ ಮೇಲಿನಿಂದ ಬರಬೇಕಾದ ದನಿಯನ್ನು ಬಾರ್ ಮೇಲಕ್ಕೆ ಚಿಮ್ಮಿಸಿ, ಚಾವಣಿಯಿಂದ ಕೆಳಕ್ಕೆ ಪ್ರತಿಫಲಿಸುವಂತೆ ಮಾಡುತ್ತದೆ. ಅದಕ್ಕೆ ಚಾವಣಿ ಸಮತಟ್ಟಾಗಿ, ಗಟ್ಟಿಯಾಗಿ, ತೀರಾ ಎತ್ತರವಲ್ಲದೆ ಇರಬೇಕು. ನಮ್ಮದು ಹಳೆಯ ಮನೆ. ಮರದ ತೊಲೆಗಳು ಸಾಲಾಗಿ ಕೆಳಗೆ ಚಾಚಿಕೊಂಡಿರುವ ಮದ್ರಾಸ್ ಟೆರೇಸ್ ಚಾವಣಿ. ದನಿ ತೊಲೆಗಳಿಗೆ ತಾಗಿ ಚದುರಿಹೋಗುತ್ತದೆ. ಹೊಸ ಅಪಾರ್ಟ್‌ಮೆಂಟ್‌ನ ಆರ್‌ಸಿಸಿ ಚಾವಣಿಯ ಕೆಳಗೆ ಇದ್ದಿದ್ದರೆ 5.1.2 ಅನ್ನು ಖಂಡಿತ ಪರಿಶೀಲಿಸುತ್ತಿದ್ದೆ.

ಉಳಿದದ್ದು 2.1 ಮತ್ತು 3.1. ಸಿನಿಮಾ ಮತ್ತು ಸರಣಿಗಳ 5.1 ಮಿಶ್ರಣದಲ್ಲಿ ಸಂಭಾಷಣೆಯ ಬಹುಪಾಲು ನಡುವಿನ ಚಾನೆಲ್‌ನಲ್ಲಿರುತ್ತದೆ. 2.1 ಬಾರ್ ಆ ಮಾತನ್ನು ಎಡಬಲಕ್ಕೆ ಸಮನಾಗಿ ಹಂಚುತ್ತದೆ. ನಡುವೆ ಕುಳಿತವರಿಗೆ ಅದು ಪರದೆಯಿಂದಲೇ ಬಂದಂತೆ ಕೇಳುತ್ತದೆ, ದಿವಾನ್ ಮೇಲೆ ಓರೆಯಾಗಿ ಕುಳಿತವರಿಗೆ ಹತ್ತಿರದ ಬದಿಗೆ ಸರಿಯುತ್ತದೆ. ಬಾರ್ ಅಗಲ ಕಡಿಮೆಯಾದ್ದರಿಂದ ಈ ಸರಿಯುವಿಕೆ ದೊಡ್ಡದಲ್ಲ. ನನಗೆ ಮುಖ್ಯವಾದದ್ದು ಬೇರೆ: 2.1ರಲ್ಲಿ ಮಾತೂ ಸಂಗೀತವೂ ಅದೇ ಎರಡು ಸ್ಪೀಕರ್‌ಗಳಲ್ಲಿ ಬೆರೆತಿರುತ್ತವೆ. ನಾನು ಆಯ್ದ 3.1ರಲ್ಲಿ ನಡುವಿನ ಚಾನೆಲ್‌ನ ಮಟ್ಟವನ್ನು ಮಾತ್ರ ಏರಿಸಬಹುದು. ಅಮ್ಮನಿಗೆ ಬೇಕಾಗಿದ್ದದ್ದು ಅದೇ.

ಬಾರ್ ತಂದ ಮೇಲೆ ಟಿವಿಯ ದನಿಯನ್ನು ಹೊರಗಿನ ಸ್ಪೀಕರ್‌ಗೆ ಕಳಿಸುವ, ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಜೋಡಿಸಿದೆ. ನಂತರ ಟಿವಿಯ ಧ್ವನಿ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ 'ಪಿಸಿಎಂ' (ಟಿವಿಯೇ ದನಿಯನ್ನು ಬಿಡಿಸಿ ಕಳಿಸುವುದು) ಎಂದಿರುವುದನ್ನು ಕಂಡು 'ಪಾಸ್ ಥ್ರೂ'ಗೆ (ಬಂದದ್ದನ್ನು ಹಾಗೆಯೇ ದಾಟಿಸುವುದು) ಬದಲಾಯಿಸಿದೆ. ಸಾಮಾನ್ಯ ಎಆರ್‌ಸಿಯಲ್ಲಿ ಪಿಸಿಎಂ ಇಟ್ಟರೆ ಬಾರ್‌ಗೆ ತಲುಪುವುದು ಎರಡೇ ಚಾನೆಲ್. ನಡುವಿನ ದನಿಯನ್ನು ಬಾರ್ ಆ ಎರಡರಿಂದ ಊಹಿಸಿ ತೆಗೆಯಬೇಕಾಗುತ್ತದೆ. ಬದಲಾಯಿಸಿದೊಡನೆ, 5.1 ಇರುವ ಓಟಿಟಿ ಚಿತ್ರ ಹಾಕಿದಾಗ ಬಾರ್‌ನ ಪುಟ್ಟ ಪರದೆಯ ಮೇಲೆ 'ಡಾಲ್ಬಿ ಆಡಿಯೋ' ಎಂದು ಮೂಡಿತು. ಸ್ಟೀರಿಯೋದಲ್ಲಿ ಬರುವ ಸೆಟ್‌ಟಾಪ್ ಬಾಕ್ಸ್‌ನ ವಾಹಿನಿಗಳಿಗೆ ಮಾತ್ರ ಈಗಲೂ ಆ ಊಹೆಯೇ ಗತಿ, ಆದರೂ ಮಾತು ಮೊದಲಿಗಿಂತ ಬಹಳ ತಿಳಿಯಾಗಿದೆ. ಅಟ್ಮಾಸ್ ಬಯಸುವವರು ಆಪ್ಟಿಕಲ್ ಕೇಬಲ್ ಅನ್ನು ನೆಚ್ಚಬಾರದು, ಅದು ಅಟ್ಮಾಸ್ ಅನ್ನು ಸಾಗಿಸದು. ಓಟಿಟಿಯ ಅಟ್ಮಾಸ್‌ಗೆ ಅದನ್ನು ದಾಟಿಸಬಲ್ಲ ಎಆರ್‌ಸಿ ಸಾಕು, ಬ್ಲೂ-ರೇ ಡಿಸ್ಕ್‌ನಲ್ಲಿರುವ ಟ್ರೂಎಚ್‌ಡಿ ಎಂಬ, ಗುಣಮಟ್ಟ ಕಳೆಯದ ದನಿ ಟಿವಿಯ ಮೂಲಕ ಹಾಗೆಯೇ ಬರಬೇಕಾದರೆ ಎಆರ್‌ಸಿಯ ಸುಧಾರಿತ ರೂಪವಾದ ಇ-ಎಆರ್‌ಸಿ ಬೇಕು.

ಸಬ್‌ವೂಫರ್‌ಗೆ ಜಾಗ ಹುಡುಕಲು ಅದನ್ನು ಸೋಫಾದ ಮೇಲೆ ನಾವು ಕೂರುವ ಜಾಗದಲ್ಲೇ ಇಟ್ಟು, ಒಂದೇ ಹಾಡನ್ನು ಹಾಕಿ, ಗೋಡೆಯಂಚಿನಲ್ಲಿ ಬಗ್ಗಿ ನಡೆಯುತ್ತಾ ಆಲಿಸಿದೆ. ಮೂಲೆಯಲ್ಲಿ ಮೃದಂಗದ ಎಡಭಾಗ ಗುಂಯ್‌ಗುಟ್ಟಿತು. ಟಿವಿ ಮೇಜಿನ ಎಡಕ್ಕೆ, ಮೂಲೆಯಿಂದ ಸುಮಾರು ಮೂರು ಅಡಿ ಈಚೆಗೆ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳಿತು. ಅಲ್ಲೇ ರಬ್ಬರ್ ಮ್ಯಾಟ್ ಹಾಸಿ ಇಟ್ಟಿದ್ದೇನೆ, ಕೆಳಗಿನ ಮನೆಯವರಿಗೆ ಅದುರು ತಟ್ಟದಿರಲೆಂದು. ರಾತ್ರಿ ಒಂಬತ್ತರ ನಂತರ ಬಾಸ್ ಅನ್ನು ಇಳಿಸಿ ನೈಟ್ ಮೋಡ್ ಹಾಕುತ್ತೇವೆ. ಅದು ಜೋರಿನ ದನಿಗಳನ್ನು ತಗ್ಗಿಸಿ ಮೆಲುದನಿಗಳನ್ನು ಎತ್ತುವುದರಿಂದ ವಾಲ್ಯೂಮ್ ಕಡಿಮೆ ಇಟ್ಟರೂ ಸಂಭಾಷಣೆ ಕೇಳುತ್ತದೆ.